ಸಾನ್ ಆಂಟೋನಿಯೋದ ಸಿನಿಮಾ ಶಾಲೆ



ಗಾರ್ಸಿಯಾ ಮಾರ್ಕೆಸ್ ಎಂದರೆ ನಮಗೆ ಕಾದಂಬರಿಗಳು ನೆನಪಾಗುತ್ತವೆ. 1982ರಲ್ಲಿ ನೊಬೆಲ್ ಬಂದ ಮೇಲೆ ಅವರು ಮನಸ್ಸಿಟ್ಟು ಕಟ್ಟಿದ್ದು ಒಂದು ಸಿನಿಮಾ ಶಾಲೆ. ಕ್ಯೂಬಾದಲ್ಲಿ, ಹವಾನಾ ನಗರದಿಂದಾಚೆ, ಸಾನ್ ಆಂಟೋನಿಯೋ ದೆ ಲೋಸ್ ಬಾನ್ಯೋಸ್ ಎಂಬ ಊರಿನ ಬಳಿ 1986ರ ಡಿಸೆಂಬರ್ 15ರಂದು ಅದು ಶುರುವಾಯಿತು. ಜೊತೆಗಿದ್ದವರು ಅರ್ಜೆಂಟೀನಾದ ಫೆರ್ನಾಂಡೋ ಬಿರಿ, ಕ್ಯೂಬಾದ ಹೂಲಿಯೋ ಗಾರ್ಸಿಯಾ ಎಸ್ಪಿನೋಸಾ. ಮೂವರೂ 1950ರ ದಶಕದಲ್ಲಿ ರೋಮ್‌ನಲ್ಲಿ ಸಿನಿಮಾ ಕಲಿತವರು. ಕ್ಯೂಬಾ ಸರ್ಕಾರ ಆಸರೆ ಕೊಟ್ಟಿತು. ಆದರೆ ಶಾಲೆಯನ್ನು ಹುಟ್ಟುಹಾಕಿದ್ದು ಮಾರ್ಕೆಸ್ ಅಧ್ಯಕ್ಷರಾಗಿದ್ದ, ಲ್ಯಾಟಿನ್ ಅಮೆರಿಕದ ಸಿನಿಮಾದವರೇ ಸೇರಿ ಕಟ್ಟಿಕೊಂಡ ಪ್ರತಿಷ್ಠಾನ. ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾದ ಮಕ್ಕಳಿಗಾಗಿ ಎಂದು ಅದನ್ನು 'ಮೂರು ಲೋಕಗಳ ಶಾಲೆ' ಎಂದರು.

ಅದರ ಮೊದಲ ನಿರ್ದೇಶಕ ಬಿರಿ. ಈ ಶಾಲೆಯ ಬೇರು ಹುಡುಕುವವರು ಅವರ 'ತಿರೆ ದಿಯೆ' ಚಿತ್ರವನ್ನು ನೋಡಬೇಕು. 1956ರಲ್ಲಿ ಬಿರಿ ತಮ್ಮೂರು ಸಾಂತಾ ಫೆಯಲ್ಲಿ ಸಿನಿಮಾ ಪಾಠ ಶುರುಮಾಡಿದರು. ಅಲ್ಲೊಂದು ಉದ್ದದ ರೈಲು ಸೇತುವೆ. ರೈಲು ಅದರ ಮೇಲೆ ನಿಧಾನವಾಗುತ್ತಿದ್ದಂತೆ ಕೆಳಗಿನ ಬಡವರ ಕೇರಿಯ ಹುಡುಗರು ಬೋಗಿಗಳ ಪಕ್ಕದಲ್ಲೇ ಕೈಚಾಚಿ ಓಡುತ್ತಾರೆ, ಕಿಟಕಿಯಲ್ಲಿ ಕೂತವರನ್ನು ಚಿಲ್ಲರೆ ಎಸೆಯಿರೆಂದು ಕೂಗುತ್ತಾರೆ. ಒಂದು ಹೆಜ್ಜೆ ತಪ್ಪಿದರೆ ಪ್ರಾಣವೇ ಹೋದೀತು. ಬಿರಿ ತಮ್ಮ ವಿದ್ಯಾರ್ಥಿಗಳನ್ನು ನೇರ ಚಿತ್ರೀಕರಣಕ್ಕೆ ಇಳಿಸಲಿಲ್ಲ. ಮೊದಲು ನೋಟ್‌ಬುಕ್, ಫೋಟೋ ತೆಗೆಯುವ ಕ್ಯಾಮೆರಾ ಕೊಟ್ಟು ಜನರೊಡನೆ ಮಾತಾಡಲು ಕಳಿಸಿದರು. ಚಲನಚಿತ್ರ ಬಂದದ್ದು ಆಮೇಲೆ. ಆ ಓಟದ ದೃಶ್ಯ ನೋಡುವಾಗ ಇವತ್ತಿಗೂ ನನ್ನ ಎದೆ ಬಿಗಿಯುತ್ತದೆ.

ಸಾನ್ ಆಂಟೋನಿಯೋದಲ್ಲಿ ಮುಖ್ಯ ಕೋರ್ಸು ಮೂರು ವರ್ಷದ್ದು. ಶುರುವಿನಲ್ಲಿ ಎಲ್ಲರೂ ಎಲ್ಲವನ್ನೂ ಕಲಿಯಬೇಕು. ನಿರ್ದೇಶನಕ್ಕೆಂದು ಬಂದವರೂ ಧ್ವನಿ ಹಿಡಿಯಬೇಕು, ಸಂಕಲನಕ್ಕೆ ಬಂದವರೂ ಕ್ಯಾಮೆರಾ ಹೊರಬೇಕು. ಆಮೇಲೆ ಒಬ್ಬೊಬ್ಬರೂ ಚಿತ್ರಕಥೆ, ಛಾಯಾಗ್ರಹಣ, ಸಾಕ್ಷ್ಯಚಿತ್ರ, ನಿರ್ಮಾಣ ಎಂದು ತಮ್ಮ ದಾರಿ ಹಿಡಿಯುತ್ತಾರೆ. ಈಗಾಗಲೇ ಕೆಲಸದಲ್ಲಿರುವವರಿಗೆ ಕೆಲವು ವಾರಗಳ ಕಮ್ಮಟಗಳೂ ಇವೆ. ಪಾಠ ಹೇಳಲು ಬರುವವರು ಹೆಚ್ಚಾಗಿ ಸಿನಿಮಾ ಮಾಡುತ್ತಲೇ ಇರುವವರು. ಬಂದು, ಕೆಲ ದಿನ ಅಲ್ಲೇ ಉಳಿದು, ಕಲಿಸಿ ಹೋಗುತ್ತಾರೆ. ಕೊಪ್ಪೊಲಾ, ಸ್ಪಿಲ್‌ಬರ್ಗ್ ಕೂಡ ಬಂದುಹೋಗಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮಾರ್ಕೆಸ್ ನಡೆಸಿದ ಚಿತ್ರಕಥೆಯ ಕಮ್ಮಟ. ಅಲ್ಲಿ ಅವರು ಭಾಷಣ ಮಾಡುತ್ತಿರಲಿಲ್ಲ. ಮೇಜಿನ ಸುತ್ತ ಕೂತ ಕಿರಿಯರಲ್ಲಿ ಒಬ್ಬರು ಅರ್ಧ ಗಂಟೆಯ ಚಿತ್ರಕ್ಕಾಗುವ ಕಥೆಯೊಂದನ್ನು ಬಾಯಲ್ಲಿ ಹೇಳುತ್ತಾರೆ, ಉಳಿದವರು ಪ್ರಶ್ನೆ ಹಾಕುತ್ತಾರೆ, ಬಿಚ್ಚುತ್ತಾರೆ, ಮತ್ತೆ ಹೆಣೆಯುತ್ತಾರೆ. ನೊಬೆಲ್ ಪಡೆದ ಲೇಖಕ ಆ ಗುಂಪಿನಲ್ಲಿ ಒಬ್ಬ. ಆ ಮಾತುಕತೆಗಳು ಮುಂದೆ ಪುಸ್ತಕವಾಗಿ ಬಂದವು.

ಕಷ್ಟಗಳೂ ಇದ್ದವು. 1990ರ ದಶಕದ ಆರ್ಥಿಕ ಕುಸಿತ ಇಡೀ ಕ್ಯೂಬಾವನ್ನು ಹಣ್ಣು ಮಾಡಿತು. ಮೊದಲು ವಿದ್ಯಾರ್ಥಿವೇತನದ ಮೇಲೆ ನಡೆದ ಶಾಲೆ ಆಮೇಲೆ ಶುಲ್ಕ ಪಡೆಯಬೇಕಾಯಿತು. ಇದು ನಷ್ಟವೇ, ಬಡ ದೇಶಗಳ ಮಕ್ಕಳಿಗಾಗಿ ಹುಟ್ಟಿದ ಶಾಲೆಗೆ ಸಣ್ಣ ನಷ್ಟವಲ್ಲ. ಆದರೂ ಅದು ಮುಚ್ಚಲಿಲ್ಲ. ಮುಂದೆ 'ಸೋಲಾಸ್' ಚಿತ್ರ ಮಾಡಿದ ಸ್ಪೇನಿನ ಬೆನಿತೋ ಸಾಂಬ್ರಾನೋ ಅಲ್ಲಿ ಕಲಿತವರೇ.

ಮಗನನ್ನೋ ಮಗಳನ್ನೋ ಸಿನಿಮಾ ಕಲಿಯಲು ಕಳಿಸಬೇಕೆಂದಿರುವವರು ಈ ಸಭೆಯಲ್ಲೂ ಇರಬಹುದು. ಯಾವ ಸಂಸ್ಥೆಗೇ ಹೋದರೂ ಕ್ಯಾಮೆರಾ ಯಾವುದು ಎಂದು ಆಮೇಲೆ ಕೇಳಿ. ಕಲಿಸುವವರು ಯಾರು, ಈಗ ಅವರು ಯಾವ ಚಿತ್ರ ಮಾಡುತ್ತಿದ್ದಾರೆ ಎಂದು ಮೊದಲು ಕೇಳಿ.