ಕಲ್ಹಟ್ಟಿ ಘಾಟಿಯ ಹಾದಿ: ಸೈಕಲ್ ತಂಡದ ಒಂದು ಹಗಲು



ದೂರದ ಊರುಗಳಿಗೆ ತಂಡವಾಗಿ ಸೈಕಲ್ಲಿನಲ್ಲಿ ಸಾಗುವ ಹವ್ಯಾಸವು ಕರ್ನಾಟಕದಲ್ಲಿ ಇತ್ತೀಚಿನ ದಶಕಗಳಲ್ಲಿ ಬೆಳೆದುಬಂದಿದೆ. ೨೦೦೮ರ ಡಿಸೆಂಬರಿನಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಇಂಥವುಗಳಲ್ಲಿ ಹೆಸರಾದದ್ದು. ಅದರ ಮಾರ್ಗ ಆಗಾಗ ಬದಲಾಗುತ್ತದೆ. ಆದರೂ ಮೈಸೂರು ಸೀಮೆಯಿಂದ ಹೊರಟು ಕಲ್ಹಟ್ಟಿ ಘಾಟಿಯನ್ನೇರಿ ಉದಕಮಂಡಲವನ್ನು ಸೇರುವ ದಿನವನ್ನು ಸವಾರರು ಸುಲಭವಾಗಿ ಮರೆಯಲಾರರು. ಆ ಹಾದಿಯನ್ನು ಇಲ್ಲಿ ವಿಚಾರಿಸುವುದಕ್ಕೆ ಕಾರಣವಿದೆ: ಅದು ಆನೆಗಳ ಹಾದಿಯೂ ಹೌದು.

ನಂಜನಗೂಡು, ಗುಂಡ್ಲುಪೇಟೆಗಳವರೆಗಿನ ಬಯಲಿನ ಬಗ್ಗೆ ಹೇಳತಕ್ಕದ್ದು ಹೆಚ್ಚಿಲ್ಲ. ಬಲವುಳ್ಳವರು ಸರದಿಯಂತೆ ಮುಂದೆ ನಿಂತು ಗಾಳಿಯನ್ನು ಎದುರಿಸುತ್ತಾರೆ. ಬೆನ್ನಹಿಂದೆ ಬರುವವರಿಗೆ ಶ್ರಮ ಕಡಿಮೆಯಾಗುತ್ತದೆ.

ಬಂಡೀಪುರದ ಗಡಿಯಿಂದ ಪ್ರಯಾಣದ ಸ್ವರೂಪವೇ ಬೇರೆ. ಈ ರಸ್ತೆಯಲ್ಲಿ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸುವ ವ್ಯವಸ್ಥೆ ೨೦೦೯ರಲ್ಲಿ ಜಾರಿಗೆ ಬಂದಿತು. ಚಕ್ರಕ್ಕೆ ಸಿಕ್ಕಿ ವನ್ಯಮೃಗಗಳು ಸಾಯುವುದನ್ನು ತಡೆಯುವುದೇ ಅದರ ಉದ್ದೇಶ. ಸೈಕಲ್ಲು ಹಾರ್ನ್ ಹೊಡೆಯದು, ಹೊಗೆಯುಗುಳದು. ಆದುದರಿಂದ ಕಾಡಿಗೆ ಅದರಿಂದ ತೊಂದರೆಯಿಲ್ಲವೆಂದು ಪಟ್ಟಣದವರು ಭಾವಿಸುವುದುಂಟು. ಮಲೆನಾಡಿನವರಿಗೆ ನಿಜ ಗೊತ್ತು. ತಿರುವಿನಲ್ಲಿ ಸದ್ದಿಲ್ಲದೆ ಎದುರಾಗುವ ಮನುಷ್ಯನೇ ಮರಿಯಿರುವ ಹೆಣ್ಣಾನೆಯನ್ನು ಬೆದರಿಸುತ್ತಾನೆ. ಇಲ್ಲಿ ವೇಗದ ಪಂದ್ಯ ಸಲ್ಲದು. ಒಟ್ಟಾಗಿ, ಹಿಂದೆ ಮುಂದೆ ಕಾವಲಿನ ವಾಹನವಿರಿಸಿಕೊಂಡು ದಾಟಬೇಕು. ಅರಣ್ಯ ಇಲಾಖೆ ಬೇಡವೆಂದರೆ ಸೈಕಲ್ಲುಗಳನ್ನು ಲಾರಿಗೇರಿಸಿ ಸುಮ್ಮನೆ ಕೂರಬೇಕು. ಅದರಿಂದ ಸವಾರನ ಮಾನವೇನೂ ಕುಂದದು.

ತೆಪ್ಪಕಾಡಿನಲ್ಲಿ ಎಡಕ್ಕೆ ಹೊರಳಿ ಮೋಯಾರ್ ಹೊಳೆಯನ್ನು ದಾಟಿದರೆ ಮಸಿನಗುಡಿ. ಮಳೆ ಕಡಿಮೆಯಾದ, ಮುಳ್ಳುಕುರುಚಲಿನ ಸಿಗೂರು ಪ್ರಸ್ಥಭೂಮಿಯಿದು. ಪೂರ್ವ ಪಶ್ಚಿಮ ಘಟ್ಟಗಳ ನಡುವೆ ಸಂಚರಿಸುವ ಆನೆಗಳಿಗೆ ಇದೇ ದಾರಿ. ಇಲ್ಲಿ ರೆಸಾರ್ಟುಗಳು, ವಿದ್ಯುತ್ ಬೇಲಿಗಳು ಎದ್ದ ಮೇಲೆ ತಮಿಳುನಾಡು ಸರ್ಕಾರ ೨೦೧೦ರಲ್ಲಿ ಆನೆ ಕಾರಿಡಾರನ್ನು ಅಧಿಸೂಚಿಸಿತು. ೨೦೨೦ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೈಕಲ್ ತಂಡವೂ ಎಲ್ಲಾದರೂ ಉಣ್ಣಬೇಕು, ಮಲಗಬೇಕು. ಹಗಲೆಲ್ಲ ಪೆಡಲ್ ತುಳಿದು, ರಾತ್ರಿ ಆನೆದಾರಿಗೆ ಅಡ್ಡ ಕಟ್ಟಿದ ಕೋಣೆಯಲ್ಲಿ ತಂಗಿದರೆ ಪರಿಸರಕ್ಕೆ ಉಳಿಸಿದ್ದೇನು? ಈ ಪ್ರಶ್ನೆಯನ್ನು ಸಂಘಟಕರಿಗೆ ಕೇಳತಕ್ಕವರು ಸ್ಥಳೀಯರೇ.

ಮಸಿನಗುಡಿಯಾಚೆ ಘಾಟಿ. ಕಲ್ಹಟ್ಟಿಯೆಂಬ ಹೆಸರಿನಲ್ಲಿರುವ ‘ಹಟ್ಟಿ’ ಬಡಗರ ಊರುಗಳಿಗೆ ಸಲ್ಲುವ ಮಾತು. ಬಡಗ ನುಡಿ ಕನ್ನಡಕ್ಕೆ ಹತ್ತಿರದ್ದಾದ್ದರಿಂದ ಕನ್ನಡಿಗರ ಕಿವಿಗೆ ಅದು ಪರಕೀಯವಲ್ಲ. ೩೬ ಹಿಮ್ಮುರಿ ತಿರುವುಗಳಲ್ಲಿ, ಹನ್ನೆರಡು ಹದಿಮೂರು ಕಿಲೊಮೀಟರಿನೊಳಗೆ, ರಸ್ತೆ ಸುಮಾರು ೧,೨೦೦ ಮೀಟರ್ ಮೇಲೇರುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: ಸವಾರ, ಸೈಕಲ್ಲು ಸೇರಿ ೮೦ ಕಿಲೊ ತೂಕವಿದ್ದರೆ, ಅಷ್ಟೆತ್ತರಕ್ಕೆ ಏರಿಸಲು ಬೇಕಾದ ಕೆಲಸ ಸುಮಾರು ೯೪೦ ಕಿಲೊಜೌಲ್. ದೇಹವು ತಿಂದ ಆಹಾರದ ಶಕ್ತಿಯಲ್ಲಿ ಕಾಲುಭಾಗದಷ್ಟನ್ನೇ ಪೆಡಲಿಗೆ ಕೊಡಬಲ್ಲದು. ಎಂದರೆ ಈ ಏರಿಗೇ ಸುಮಾರು ೯೦೦ ಕಿಲೊಕ್ಯಾಲರಿ, ಒಂದು ಹೊಟ್ಟೆತುಂಬ ಊಟ, ಕರಗಿಹೋಗುತ್ತದೆ. ಹಲವರು ಇಳಿದು ತಳ್ಳುತ್ತಾರೆ. ಸೊಪ್ಪಿನ ಹೊರೆ ಹೊತ್ತು ದಿನವೂ ದಿಬ್ಬ ಹತ್ತುವ ಹೆಂಗಸರಿಗೆ ಇದರಲ್ಲಿ ಸೋಜಿಗವೇನೂ ಕಾಣದು.

ನಡೆದಷ್ಟೇ ನಿಧಾನವಾಗಿ ಏರುವಾಗ ಗಿಡಮರಗಳು ಬದಲಾಗುವುದು ಕಣ್ಣಿಗೆ ಬೀಳುತ್ತದೆ. ಕೆಳಗಿನ ಮುಳ್ಳುಪೊದೆ ಮುಗಿದು ಗಾಳಿ ತಣ್ಣಗಾಗುತ್ತದೆ. ಮೇಲೆ ಶೋಲಾ ಕಾಡೂ ಹುಲ್ಲುಗಾವಲೂ ಇರಬೇಕಾದ ಎಷ್ಟೋ ಕಡೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ಬಂದ ನೀಲಗಿರಿ ಮರ, ವಾಟಲ್ ನಿಂತಿವೆ. ಸ್ಪಂಜಿನಂತೆ ಮಳೆನೀರನ್ನು ಹಿಡಿದು ಬೇಸಿಗೆಯಲ್ಲಿ ಹೊಳೆಗೆ ಬಿಡುತ್ತಿದ್ದುದು ಆ ಹುಲ್ಲು, ಆ ಶೋಲಾ. ಬೆಳಿಗ್ಗೆ ದಾಟಿದ ಮೋಯಾರಿಗೆ ನೀರು ಬರುವುದು ಇಲ್ಲಿಂದಲೇ.

ಸುಮಾರು ೨,೨೪೦ ಮೀಟರ್ ಎತ್ತರದ ಉದಕಮಂಡಲವನ್ನು ಮುಂದಿನವರು ಮಧ್ಯಾಹ್ನದಲ್ಲೇ ಮುಟ್ಟುತ್ತಾರೆ. ಕೊನೆಯವರು ಬರುವ ಹೊತ್ತಿಗೆ ಬಿಸಿಲು ಇಳಿದು ಚಳಿ ಹಿಡಿದಿರುತ್ತದೆ. ಅವರು ಬಂದು ಸೇರುವವರೆಗೆ ತಂಡದ ದಿನ ಮುಗಿಯದು. ಮುಂಚೆ ಬಂದವರು ಚಹಾ ಕುಡಿಯುತ್ತ, ಮಾರನೆಯ ದಿನದ ಇಳಿಜಾರಿಗಾಗಿ ಬ್ರೇಕುಗಳನ್ನು ಪರೀಕ್ಷಿಸುತ್ತ ಕಾಯುತ್ತಾರೆ.