ಕೆಮ್ಮಿಲ್ಲದ ಕ್ಷಯ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕ್ಷಯವೆಂದರೆ ಕೆಮ್ಮು, ಕಫ, ರಕ್ತ. ಇಷ್ಟೇ ನಮ್ಮ ಓಣಿಗಳಲ್ಲಿ ಕೇಳಿಬರುವ ಮಾತು. ಆದರೆ ಈ ರೋಗ ಶ್ವಾಸಕೋಶ ಬಿಟ್ಟು ಬೆನ್ನೆಲುಬು, ಕರುಳು, ಮೂತ್ರಪಿಂಡ, ಮಿದುಳಿನ ಪೊರೆ ಎಲ್ಲೆಡೆಗೂ ಹೋಗಬಲ್ಲದು. ಕುತ್ತಿಗೆಯ ಗಂಟುಗಳಿಗೆ ಬಂದುದನ್ನೇ ಊರ ಹಿರಿಯರು ಗಂಡಮಾಲೆ ಎನ್ನುತ್ತಿದ್ದರು.

ಕಾವಲಿಯ ಮುಂದೆ ದಿನವೆಲ್ಲ ನಿಲ್ಲುವವನಿಗೆ ಬೆನ್ನು ನೋವೆಂದರೆ ನಾವು ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಮಲಗಿದರೂ ಬಿಡದ ನೋವು, ಸಂಜೆಯ ಸಣ್ಣ ಜ್ವರ, ಇಳಿಯುವ ತೂಕ, ಎರಡು ವಾರ ಕಳೆದರೂ ಕರಗದ ಕುತ್ತಿಗೆಯ ಗಂಟು, ಇವಕ್ಕೆ ಎಣ್ಣೆ ಸಾಲದು. ಕಾಲಿನ ಬಲ ಕುಂದಿದರೆ, ಜ್ವರದೊಡನೆ ತಲೆನೋವು, ವಾಂತಿ, ಮಂಪರು ಬಂದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಕಫದಲ್ಲಿ ಏನೂ ಸಿಗಲಿಲ್ಲವೆಂದು ನಿಶ್ಚಿಂತರಾಗಬಾರದು. ರೋಗ ಎಲ್ಲಿದೆಯೋ ಅಲ್ಲಿಂದಲೇ ತೆಗೆದು ನೋಡಬೇಕು. ಗಂಟಿಗೆ ಸೂಜಿ ಹಾಕಿ ರಸ ತೆಗೆಯುತ್ತಾರೆ, ಇಲ್ಲವೇ ಸಣ್ಣ ಚೂರು ಕತ್ತರಿಸುತ್ತಾರೆ, ಬೆನ್ನಿಗೆ ಎಂ.ಆರ್.ಐ. ಮಾಡುತ್ತಾರೆ. ಸೀಬಿನ್ಯಾಟ್ ಎಂಬ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಕ್ರಿಮಿಯನ್ನೂ ರಿಫಾಂಪಿಸಿನ್ ಮದ್ದು ನಾಟುವುದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಇಂಥ ಜಾಗಗಳಲ್ಲಿ ಕ್ರಿಮಿ ಕಡಿಮೆ. ಆದುದರಿಂದ ಅದರಲ್ಲಿ ಸಿಗದಿದ್ದರೂ ರೋಗವಿಲ್ಲವೆಂದು ತೀರ್ಮಾನಿಸುವಂತಿಲ್ಲ. ಎದೆಯ ಎಕ್ಸ್‌ರೇಯನ್ನೂ ಬಿಡಬಾರದು.

ಸಾಮಾನ್ಯವಾಗಿ ಚಿಕಿತ್ಸೆ 6 ತಿಂಗಳು: ಮೊದಲ 2 ತಿಂಗಳು ನಾಲ್ಕು ಮದ್ದು, ಮುಂದಿನ 4 ತಿಂಗಳು ಮೂರು. ಬೆನ್ನೆಲುಬು, ಮಿದುಳಿಗಾದರೆ ವರ್ಷದಷ್ಟು ಬೇಕಾಗುತ್ತದೆ. ಸರ್ಕಾರಿ ಕೇಂದ್ರಗಳಲ್ಲಿ ಮಾತ್ರೆ ಪುಕ್ಕಟೆ. ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡಿ, ಅದು ಮದ್ದಿನ ಬಣ್ಣ. ನಡುವೆ ಗಂಟು ಊದುವುದೂ ಉಂಟು. ಮಾತ್ರೆ ಬಿಡದೆ ಡಾಕ್ಟರಿಗೆ ತೋರಿಸಿ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಮಾತ್ರ ತಡಮಾಡದೆ ಓಡಿ.

ಇನ್ನು ಕೆಲಸದ ಮಾತು. ಗಂಟಿನ ಕ್ಷಯವೆಂದು ತಿಳಿದೊಡನೆ ಒಬ್ಬ ಕ್ಲೀನರ್ ಹುಡುಗನ ಹಾಸಿಗೆಯನ್ನೇ ಹೊರಗಿಟ್ಟ ಹೋಟೆಲನ್ನು ನಾವು ಕಂಡಿದ್ದೇವೆ. ಯಾವ ವಿದ್ಯೆಯಿದು? ಶ್ವಾಸಕೋಶ ಶುದ್ಧವಾಗಿದ್ದರೆ ಈ ರೋಗ ಪಕ್ಕದವನಿಗೆ ಅಂಟದು, ತಟ್ಟೆ-ಲೋಟದಿಂದಲೂ ಹರಡದು. ಧಣಿಗಳ ಮುಂದೆ ಎಕ್ಸ್‌ರೇ ವರದಿ ಇಟ್ಟು ನಾವು ಮಾತಾಡುತ್ತೇವೆ.

ಈ.ಎಸ್.ಐ. ಇರುವವರಿಗೆ, ಎರಡು ವರ್ಷದ ಕೆಲಸ ಮತ್ತು ಚಂದಾ ಲೆಕ್ಕ ಸರಿಯಿದ್ದರೆ, ಕ್ಷಯಕ್ಕೆ ಕೂಲಿಯ ನೂರಕ್ಕೆ 80ರಂತೆ ದೀರ್ಘ ಕಾಯಿಲೆ ಭತ್ಯೆಯುಂಟು. ನಿಕ್ಷಯದಲ್ಲಿ ಹೆಸರು ಬರೆಸಿದವರಿಗೆ ಆಹಾರಕ್ಕಾಗಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಬ್ಯಾಂಕು ಖಾತೆ ಬೇಕು. ಖಾತೆ ಇಲ್ಲದವರು ಸಭೆ ಮುಗಿದ ಮೇಲೆ ಇಲ್ಲೇ ನಿಲ್ಲಿ. ಅರ್ಜಿ ನಾವು ತುಂಬಿಕೊಡುತ್ತೇವೆ.