ಲೋಹಕ್ಕೂ ದಣಿವುಂಟು

ಕಬ್ಬಿಣದ ತಂತಿಯೊಂದನ್ನು ಎರಡು ಕೈಯಿಂದ ಹಿಡಿದು ಎಳೆದು ನೋಡಿ, ತುಂಡಾಗದು. ಅದನ್ನೇ ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಾಗಿಸಿ, ಪಟ್ಟನೆ ಮುರಿಯುತ್ತದೆ. ಒಂದು ಸಲಕ್ಕೆ ಏನೂ ಮಾಡಲಾರದ ಬಲ ಮತ್ತೆ ಮತ್ತೆ ಬಿದ್ದಾಗ ಲೋಹವನ್ನು ಸೋಲಿಸುತ್ತದೆ. ಇದನ್ನೇ ಲೋಹದ ದಣಿವು ಎನ್ನುತ್ತಾರೆ. ನಮ್ಮ ದಣಿವಾದರೋ ರಾತ್ರಿ ಮಲಗಿ ಎದ್ದರೆ ಆರುತ್ತದೆ. ಲೋಹದಲ್ಲಿ ಒಮ್ಮೆ ಮೂಡಿದ ಬಿರುಕು ವಿಶ್ರಾಂತಿಯಿಂದ ಕೂಡಿಕೊಳ್ಳುವುದಿಲ್ಲ.

ವಿಮಾನವನ್ನೇ ತೆಗೆದುಕೊಳ್ಳಿ. ಎತ್ತರದಲ್ಲಿ ಗಾಳಿ ತೆಳುವಾದುದರಿಂದ ಪ್ರಯಾಣಿಕರ ಉಸಿರಾಟಕ್ಕಾಗಿ ಒಳಗೆ ಗಾಳಿಯನ್ನು ಒತ್ತಿ ತುಂಬಬೇಕು. ಏರಿದಾಗಲೆಲ್ಲ ವಿಮಾನದ ಒಡಲು ತುಸು ಉಬ್ಬುತ್ತದೆ, ಇಳಿದಾಗ ತಗ್ಗುತ್ತದೆ. ಹವಾಯಿ ದ್ವೀಪಗಳ ನಡುವೆ ಓಡಾಡುತ್ತಿದ್ದ ಅಲೋಹಾ ಸಂಸ್ಥೆಯ ಬೋಯಿಂಗ್ 737 ವಿಮಾನವೊಂದು ಹೀಗೆ 89,680 ಸಲ ಹಾರಿ ಇಳಿದಿತ್ತು. 1988ರ ಏಪ್ರಿಲ್ 28ರಂದು, 24,000 ಅಡಿ ಎತ್ತರದಲ್ಲಿ, ಅದರ ಮಾಡಿನ ಸುಮಾರು 18 ಅಡಿ ಉದ್ದದ ಭಾಗ ಕಿತ್ತು ಹಾರಿಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಉಳಿದ 94 ಮಂದಿಯೊಡನೆ ಚಾಲಕರು ವಿಮಾನವನ್ನು ಮಾವಿ ದ್ವೀಪದಲ್ಲಿ ಇಳಿಸಿದರು. ತಗಡುಗಳ ಜೋಡಣೆಯಲ್ಲಿ, ರಿವೆಟ್ಟಿನ ತೂತುಗಳ ಬಳಿ, ಸಣ್ಣ ಸಣ್ಣ ಬಿರುಕುಗಳು ಬೆಳೆದು ಒಂದಕ್ಕೊಂದು ಸೇರಿದ್ದುವು. ವಿಮಾನ ಹತ್ತುವಾಗಲೇ ಪ್ರಯಾಣಿಕರೊಬ್ಬರು ಬಿರುಕೊಂದನ್ನು ಕಂಡಿದ್ದರು. ಆದರೆ ಯಾರಿಗೂ ಹೇಳಿರಲಿಲ್ಲ.

ಗೊತ್ತಾದ ಅವಧಿಗೊಮ್ಮೆ ಇಂಥ ಬಿರುಕುಗಳನ್ನು ಹುಡುಕುವ ಪದ್ಧತಿಯೇನೋ ಇದೆ. ಆದರೆ ಒಳಗಿನ ಭಾಗಗಳನ್ನು ನೋಡಲು ಎಷ್ಟೋ ಬಿಚ್ಚಬೇಕು. ಎರಡು ಪರೀಕ್ಷೆಗಳ ನಡುವೆ ಬಿರುಕು ಸುಮ್ಮನಿರುವುದಿಲ್ಲ. ಕಾವಲುಗಾರನನ್ನು ಲೋಹದ ಮೇಲೆಯೇ ಕೂರಿಸಿಬಿಟ್ಟರೆ ಹೇಗೆ? ಈಗ ನಡೆದಿರುವ ಪ್ರಯತ್ನ ಇದೇ.

ಒಂದು ವಿಧಾನ ಬಹು ಸರಳ. ಮೆತ್ತನೆಯ ಚಿಕ್ಕ ಪಟ್ಟಿಯೊಂದನ್ನು ಲೋಹಕ್ಕೆ ಅಂಟಿಸುತ್ತಾರೆ. ಅದರ ಅಡಿಯಲ್ಲಿ ಬಲು ಸಣ್ಣ ಕಾಲುವೆಗಳಿವೆ. ಒಂದನ್ನು ಬಿಟ್ಟು ಒಂದರಿಂದ ಗಾಳಿಯನ್ನು ಹೀರಿ ತೆಗೆಯುತ್ತಾರೆ. ನಡುವಿನವುಗಳಲ್ಲಿ ಗಾಳಿ ಇರುತ್ತದೆ. ಲೋಹ ನೆಟ್ಟಗಿದ್ದರೆ ಖಾಲಿ ಕಾಲುವೆ ಖಾಲಿಯಾಗಿಯೇ ಉಳಿಯುತ್ತದೆ. ಅಡಿಯಲ್ಲಿ ಬಿರುಕು ಹಾದುಹೋದರೆ ಅದರ ಮೂಲಕ ಗಾಳಿ ಸೋರಿ ಒಳನುಗ್ಗುತ್ತದೆ. ಮಾಪಕದ ಅಂಕಿ ಬದಲಾಗುತ್ತದೆ. ಕೊಳವೆಯ ತುದಿ ಕೈಗೆಟಕುವ ಕಡೆ ಇರುವುದರಿಂದ ಏನನ್ನೂ ಬಿಚ್ಚಬೇಕಾಗಿಲ್ಲ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಇದನ್ನು ವಿಮಾನಗಳ ಮೇಲೆ ಪರೀಕ್ಷಿಸಿದ್ದಾರೆ. ಇನ್ನೊಂದು ವಿಧಾನ, ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವಂಥದು: ಲೋಹಕ್ಕೆ ಅಂಟಿಸಿದ ಒಂದು ಬಿಲ್ಲೆ ನವಿರಾದ ಕಂಪನವನ್ನು ಕಳುಹಿಸುತ್ತದೆ, ದೂರದ ಮತ್ತೊಂದು ಅದನ್ನು ಕೇಳಿಸಿಕೊಳ್ಳುತ್ತದೆ. ನಡುವೆ ಬಿರುಕಿದ್ದರೆ ದನಿ ಬೇರೆಯಾಗುತ್ತದೆ.

ಇಷ್ಟಾದರೂ ಪಟ್ಟಿ ಕಾಯುವುದು ತಾನು ಕುಳಿತ ಜಾಗವನ್ನು ಮಾತ್ರ. ಒಂದು ಗೇಣು ಆಚೆಯ ಬಿರುಕು ಅದಕ್ಕೆ ತಿಳಿಯದು. ಲೋಹ ಮೊದಲು ಎಲ್ಲಿ ದಣಿಯುತ್ತದೆ ಎಂಬುದನ್ನು ಹಳೆಯ ಅಪಘಾತಗಳಿಂದಲೂ ಪರೀಕ್ಷೆಗಳಿಂದಲೂ ಎಂಜಿನಿಯರರು ಅರಿತು ಅಂಟಿಸಬೇಕು. ಪಟ್ಟಿಯೇ ಸಡಿಲವಾದರೂ ಗಾಳಿ ಸೋರಬಹುದು. ಅದನ್ನೂ ತೂಗಿ ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಾಪಕ ಎಚ್ಚರಿಸಿದ ದಿನ ಎಷ್ಟೇ ನಷ್ಟವಾಗಲಿ ವಿಮಾನವನ್ನು ನೆಲದ ಮೇಲೆಯೇ ನಿಲ್ಲಿಸುವ ಧೈರ್ಯ ಬೇಕು. ಆ ಕೆಲಸವನ್ನು ಯಾವ ಪಟ್ಟಿಯೂ ನಮಗಾಗಿ ಮಾಡಿಕೊಡುವುದಿಲ್ಲ.